ಗೃಹಸಾಲದ ಪೂರ್ವಾನುಮೋದನೆ
ಮನೆ ಕೊಳ್ಳುವ ಮುನ್ನವೇ ಅರ್ಜಿದಾರರ ಆದಾಯ, ಹಳೆಯ ಸಾಲ, ಸಿಬಿಲ್ ಅಂಕ ನೋಡಿ ಬ್ಯಾಂಕು ನೀಡುವ ತಾತ್ವಿಕ ಒಪ್ಪಿಗೆ. ಇದು ಅಂತಿಮ ಮಂಜೂರಾತಿಯಲ್ಲ. ಕ್ರಯಪತ್ರ, ಖಾತೆ, ಋಣಭಾರ ಪ್ರಮಾಣಪತ್ರಗಳ ಪರಿಶೀಲನೆ ಆಮೇಲೆ ನಡೆಯುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷ ರೂ.ವರೆಗಿನ ಸಾಲ ಆಸ್ತಿ ಮೌಲ್ಯದ ಶೇ. 90ನ್ನು ಮೀರುವಂತಿಲ್ಲ, ಉಳಿದದ್ದು ಕೊಳ್ಳುವವರ ಸ್ವಂತ ಹಣ. ಅದಕ್ಕೆ ಬ್ಯಾಂಕ್ ಪಾಸ್‌ಬುಕ್, ಠೇವಣಿ ರಸೀದಿಗಳೇ ಪುರಾವೆ.

ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರಿಗೆ ಈ ಒಪ್ಪಿಗೆಗಾಗಿ ಆದಾಯ ತೋರಿಸಲು ಸಂಬಳದ ಚೀಟಿಯಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಅನೇಕರಲ್ಲಿ ತೆರಿಗೆ ವಿವರಪಟ್ಟಿಯೂ ಇರುವುದಿಲ್ಲ. ಪಹಣಿ, ಎಪಿಎಂಸಿ ಮಾರಾಟದ ಬಿಲ್ಲು, ಬ್ಯಾಂಕ್ ಖಾತೆಗೆ ಜಮೆಯಾದ ಕೊಬ್ಬರಿ ಹಣ ಇವರ ಆದಾಯಕ್ಕೆ ಸಾಕ್ಷಿ. ಮನೆಗೆ ಮುಂಗಡ ಕೊಡುವಾಗಲೂ ಎಚ್ಚರ ಬೇಕು: ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದು ಸಾಮಾನ್ಯವಾಗಿ ಕಾನೂನಿನಂತೆ ನಿಷಿದ್ಧ.