ಹೂಗ್ಲಿಯ ದಂಡೆಯಲ್ಲಿ ಕನ್ನಡದ ಅಚ್ಚು

ಕೊಲ್ಕತ್ತದಿಂದ ಹೂಗ್ಲಿ ನದಿಯಲ್ಲಿ ಮೇಲಕ್ಕೆ ಸಾಗುವ ಚಿಕ್ಕ ಪ್ರವಾಸಿ ಹಡಗುಗಳು ಶ್ರೀರಾಮಪುರದಲ್ಲಿ ತಂಗುವುದುಂಟು. 1755ರಲ್ಲಿ ಡೇನರು ನೆಲೆಯೂರಿ, 1845ರಲ್ಲಿ ಆಂಗ್ಲರಿಗೆ ಮಾರಿದ ರೇವುಪಟ್ಟಣವಿದು. ಇಳಿದವರು ಸಂತ ಓಲಾವ್ ಇಗರ್ಜಿಯನ್ನು ನೋಡುತ್ತಾರೆ. ಗಡಿನಾಡಿನ ಕನ್ನಡಿಗರಾದ ನಮಗೆ ಅಲ್ಲಿಯ ಮುದ್ರಣಾಲಯವೇ ಮುಖ್ಯ.

ಕಂಪನಿ ಸರಕಾರವು ಪಾದ್ರಿಗಳಿಗೆ ಎಡೆಗೊಡದಿದ್ದುದರಿಂದ ವಿಲಿಯಂ ಕೇರಿಯವರು 1800ರಲ್ಲಿ ಡೇನರ ಆಶ್ರಯಕ್ಕೆ ಬಂದು, ಸಂಗಡಿಗರೊಡನೆ ಅದನ್ನು ತೆರೆದರು. ಬಂಗಾಳದ ಪಂಚಾನನ ಕರ್ಮಕಾರರೂ ಅವರ ಅಳಿಯ ಮನೋಹರರೂ ಅಲ್ಲಿ ಅಚ್ಚಿನ ಮೊಳೆಗಳನ್ನು ಕೊರೆದರು. ಈ ಕುಶಲಿಗಳನ್ನು ನಮ್ಮಲ್ಲಿ ನೆನೆಯುವವರು ವಿರಳ. 1812ರ ಬೆಂಕಿಯಲ್ಲಿ ಅನೇಕ ಭಾಷೆಗಳ ಮೊಳೆಗಳು ಕರಗಿದವು. ಕೇರಿಯವರ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಸುಟ್ಟಿತು. ಆದರೂ ಕನ್ನಡದ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಕನ್ನಡನಾಡಿನಿಂದ ಅಷ್ಟು ದೂರದ ಆ ದಂಡೆಯಿಂದಲೇ, 1817ರಲ್ಲಿ, ಅವರ ಕನ್ನಡ ವ್ಯಾಕರಣವು ಅಚ್ಚಾಗಿ ಹೊರಬಂದಿತು.