ಕೈ ಬೀಸಿದರೂ ಚೆಂಡು ತಾಗಲಿಲ್ಲ

ಮೊನ್ನೆ ಹೊಳೆನರಸೀಪುರದ ಮನೆಯ ಅಟ್ಟ ಗುಡಿಸುವಾಗ ಕೈ ಬೀಸಿ ಆಡುವ ಹಳೇ ವಿಡಿಯೋ ಗೇಮ್ ಸಿಕ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಚಿಕ್ಕಪ್ಪ ತಂದದ್ದು.

ಅಪ್ಪ ಒಂದು ಕಾಲಕ್ಕೆ ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಸುತ್ತಿ ಬಾಲ್ ಬ್ಯಾಡ್ಮಿಂಟನ್ ಆಡಿದವರು. ಟಿವಿ ಮುಂದೆ ತೋಳು ಬೀಸಿ ಬೀಸಿ ಟೆನಿಸ್ ಆಡಿದರು. ನಾನು ಕೂತಲ್ಲೇ ಮಣಿಕಟ್ಟು ತಿರುಗಿಸಿ ಗೆದ್ದೆ. ‘ನಿಮಗೆ ವಯಸ್ಸಾಯ್ತು’ ಅಂತ ನಕ್ಕೆ. ಅಪ್ಪ ಮತ್ತೆ ಅದನ್ನು ಮುಟ್ಟಲಿಲ್ಲ.

ಎಂಜಿನಿಯರಿಂಗ್ ಓದಿದ ಮೇಲೆ ನನ್ನ ತಪ್ಪು ಗೊತ್ತಾಯ್ತು. 1989ರ ಪವರ್ ಗ್ಲವ್ ಅಲ್ಟ್ರಾಸೌಂಡ್‌ನಿಂದ ಕೈ ಎಲ್ಲಿದೆ ಅಂತ ಹುಡುಕುತ್ತಿತ್ತು. 2006ರ ನಿಂಟೆಂಡೊ ವೀ ರಿಮೋಟಿನಲ್ಲಿದ್ದದ್ದು ಅಕ್ಸೆಲೆರೋಮೀಟರ್ ಮತ್ತು ಪುಟ್ಟ ಇನ್‌ಫ್ರಾರೆಡ್ ಕ್ಯಾಮೆರಾ. ರಿಮೋಟ್ ಜಾಡಿಸಿದ್ದು ಅದಕ್ಕೆ ತಿಳಿಯುತ್ತಿತ್ತು. ಭುಜದಿಂದಲೋ ಮಣಿಕಟ್ಟಿನಿಂದಲೋ ತಿಳಿಯುತ್ತಿರಲಿಲ್ಲ. 2009ರ ಮೋಷನ್ ಪ್ಲಸ್ ಜೈರೋಸ್ಕೋಪ್ ಸೇರಿಸಿ ತಿರುವನ್ನೂ ಅಳೆಯಿತು. 2010ರ ಮೈಕ್ರೋಸಾಫ್ಟ್ ಕಿನೆಕ್ಟ್ ಇಡೀ ಮೈಯನ್ನೇ ನೋಡಿತು. ಆದರೆ ಅದರೆದುರು ಸುಮಾರು 6 ಅಡಿ ಖಾಲಿ ಜಾಗ ಬೇಕು, ನೇರ ಬಿಸಿಲು ಬಿದ್ದರೆ ಅದಕ್ಕೂ ಕಣ್ಣು ಕತ್ತಲೆ! 2017ರಲ್ಲಿ ಅದರ ತಯಾರಿಕೆ ನಿಂತಿತು.

ಅಳತೆಯೇನೋ ಚುರುಕಾಗುತ್ತಾ ಹೋಯ್ತು. ಆದರೆ ಚೆಂಡು ಬಡಿದ ಪೆಟ್ಟು ಕೈಗೆ ವಾಪಸ್ ಬರಲೇ ಇಲ್ಲ. ರಿಮೋಟ್ ಒಂಚೂರು ನಡುಗುತ್ತಿತ್ತು, ಅಷ್ಟೇ.

ಇದನ್ನೆಲ್ಲಾ ಅಪ್ಪನಿಗೆ ಹೇಳಿದೆ. ‘ಚೆಂಡೇ ತಾಗದೆ ಅದೆಂಥ ಆಟನೋ’ ಅಂದರು.

ಸಂಜೆ ಹಳೇ ಬ್ಯಾಟು, ಹಳದಿ ಉಲ್ಲನ್ ಚೆಂಡು ಹಿಡಿದು ಇಬ್ಬರೂ ಅಂಗಳಕ್ಕಿಳಿದೆವು. ಒಂದು ಪಾಯಿಂಟೂ ಸಿಗಲಿಲ್ಲ ಕಣ್ರೀ... ಇವತ್ತಿಗೂ ಭುಜ ನೋಯ್ತಿದೆ!