ಉತ್ತರ ನಾಳೆ: ಹಾಸಿಗೆ ಹಿಡಿದವರ ಪದಬಂಧ

(ಈ ವಾರದ ಪಾಡ್‌ಕಾಸ್ಟ್ ಕಂತಿನ ಪಠ್ಯರೂಪ)

ಈ ಸಲ ದೊಡ್ಡ ಯುದ್ಧ, ದೊಡ್ಡ ರಾಜ ಯಾರೂ ಇಲ್ಲ. ಪೇಪರಿನ ಒಂದು ಮೂಲೆಯ ಇತಿಹಾಸ ಹೇಳ್ತೀನಿ.

ಒಳಪುಟದಲ್ಲಿ, ರಾಶಿಭವಿಷ್ಯದ ಆಸುಪಾಸಿನಲ್ಲಿ, ಕಪ್ಪು ಬಿಳಿ ಚೌಕಗಳ ಒಂದು ಪಟ್ಟಿ ಇರ್ತದಲ್ಲ, ಪದಬಂಧ. ನಮ್ಮ ವಯಸ್ಸಿನವರು ಅದನ್ನು ದಾಟಿ ಸೀದಾ ಕ್ರಿಕೆಟ್ ಪುಟಕ್ಕೆ ಹೋಗ್ತೀವಿ, ಅದೂ ಪೇಪರ್ ಕೈಯಲ್ಲಿ ಹಿಡಿದರೆ. ಹಾಗಾದರೆ ಅದನ್ನು ದಿನಾ ಬಿಡಿಸೋರು ಯಾರು? ನಾನು ನೋಡಿದ ಮಟ್ಟಿಗೆ ನಿವೃತ್ತ ಮಾಸ್ತರರು, ಗಿರಾಕಿಗೆ ಕಾಯುತ್ತ ಕೂತ ಅಂಗಡಿಯವರು, ಆಮೇಲೆ ಜಡ್ಡಾಗಿ ಮನೆಯಲ್ಲಿ ಮಲಗಿದವರು. ಈ ಮೂರನೇ ಗುಂಪಿನಲ್ಲಿ ನಾನೂ ಆರು ತಿಂಗಳು ಇದ್ದೆ. ನನಗೆ ಟಿಬಿ ಆಗಿತ್ತು. ಮೈಕ್ ಮುಂದೆ ಇದನ್ನು ಹೇಳ್ತಿರೋದು ಇದೇ ಮೊದಲು. ಯಾಕೆ ಹೇಳ್ತಿದ್ದೀನಿ ಅನ್ನೋದು ಮುಂದೆ ಬರ್ತದೆ.

ಟಿಬಿ ಚಿಕಿತ್ಸೆ ಗೊತ್ತಿಲ್ಲದವರಿಗೆ: ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು. ಒಂದು ದಿನಾನೂ ತಪ್ಪಿಸುವಂತಿಲ್ಲ. ಅದರಲ್ಲಿ ಒಂದು ಔಷಧದಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗ್ತದೆ, ಮೊದಲೇ ಹೇಳಿರದಿದ್ದರೆ ಜೀವ ಹೋಗ್ತದೆ ಅನ್ನಿಸೋ ಹಾಗೆ. ಕೆಲವು ವಾರದಲ್ಲಿ ಜ್ವರ ಇಳಿಯಿತು, ಊಟ ಸೇರತೊಡಗಿತು. ಕಷ್ಟ ಶುರುವಾಗಿದ್ದೇ ಆಮೇಲೆ. ಮೈಗೆ ಕಸುವಿಲ್ಲ, ತಲೆ ಮಾತ್ರ ಚುರುಕಾಗಿದೆ. ಮೂಡಲಗಿಯ ನಮ್ಮ ಮನೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗಿನ ಹೊತ್ತು ಎಷ್ಟು ಉದ್ದ ಅಂತ ನನಗೆ ಆಗ ಗೊತ್ತಾಯಿತು. ಅರ್ಧ ಗಂಟೆ ಮೊಬೈಲ್ ನೋಡಿದರೆ ತಲೆನೋವು. ಸೋಮವಾರ ಯಾವುದು, ಗುರುವಾರ ಯಾವುದು ಅನ್ನೋದೇ ಕಲಸಿ ಹೋಗಿತ್ತು.

ಟಿಬಿ ರೋಗಿ ಹೀಗೆ ಸ್ವಂತ ಮನೆಯಲ್ಲಿ ಮಲಗೋದಕ್ಕೂ ಒಂದು ಇತಿಹಾಸ ಇದೆ. ಮೊದಲೆಲ್ಲ ಈ ರೋಗಕ್ಕೆ ಔಷಧವೇ ಇರಲಿಲ್ಲ. ಒಳ್ಳೆ ಗಾಳಿ, ಹಾಲು ತುಪ್ಪ, ತಿಂಗಳುಗಟ್ಟಲೆ ವಿಶ್ರಾಂತಿ, ಅಷ್ಟೇ. ಕೈಯಲ್ಲಿ ರೊಕ್ಕ ಇದ್ದವರು ಸ್ಯಾನಟೋರಿಯಂಗೆ ಹೋಗ್ತಿದ್ದರು. ನಮ್ಮ ಭಾಗದವರು ರೈಲು ಹತ್ತಿದರೆ ಮೀರಜ, ಅದರ ಹತ್ತಿರ ವಾನ್ಲೆಸ್‌ವಾಡಿಯ ಸ್ಯಾನಟೋರಿಯಂ. ನಮ್ಮದೇ ಘಟಪ್ರಭೆಯಲ್ಲಿ, ಸೇವಾದಳ ಕಟ್ಟಿದ ಡಾ. ನಾ. ಸು. ಹರ್ಡೀಕರ ಅವರ ಹೆಸರಿನ ಜೊತೆ ಬೆಸೆದುಕೊಂಡ ಕರ್ನಾಟಕ ಆರೋಗ್ಯಧಾಮ ಇದೆ. ಆ ಹೆಸರಿನಲ್ಲೇ ಆ ಕಾಲದ ವೈದ್ಯಕೀಯದ ವಾಸನೆ ಇದೆ ನೋಡ್ರಿ, ‘ಧಾಮ’. ಹೋಗಿ ಇರಬೇಕು, ಗುಣ ಆಗೋತನಕ ಇರಬೇಕು.

ಇದನ್ನು ಬದಲಾಯಿಸಿದ್ದು ಮದ್ರಾಸಿನ ಒಂದು ಪ್ರಯೋಗ. 1956ರಲ್ಲಿ ಅಲ್ಲಿ ಕ್ಷಯರೋಗದ ಸಂಶೋಧನಾ ಕೇಂದ್ರ ಶುರುವಾಯಿತು. ಸುಮಾರು 190 ಬಡ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಟೋರಿಯಂನಲ್ಲಿ, ಇನ್ನೊಂದು ತಮ್ಮ ತಮ್ಮ ಮನೆಯಲ್ಲಿ. ಇಬ್ಬರಿಗೂ ಅದೇ ಔಷಧ, ಒಂದು ವರ್ಷ. ಮನೆಯವರ ಊಟ ಅಷ್ಟಕ್ಕಷ್ಟೇ, ಮನೆ ಇಕ್ಕಟ್ಟು, ಕೆಲಸ ಬಿಡೋ ಹಾಗಿಲ್ಲ. ಆದರೂ 1959ರಲ್ಲಿ ಫಲಿತಾಂಶ ಪ್ರಕಟವಾದಾಗ ಮನೆಯಲ್ಲಿದ್ದವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಮಂದಿಗೆ ರೋಗ ಹೆಚ್ಚು ಅಂಟಿದ್ದೂ ಕಾಣಲಿಲ್ಲ. ಜಗತ್ತಿನ ಟಿಬಿ ಚಿಕಿತ್ಸೆಯ ದಾರಿಯನ್ನೇ ತಿರುಗಿಸಿದ ಅಧ್ಯಯನ ಇದು. ನಮ್ಮ ಶಾಲೆ ಪುಸ್ತಕದಲ್ಲಿ ಇದು ಯಾಕೆ ಇರಲಿಲ್ಲವೋ.

ಹಿಂಗೆ ರೋಗಿ ಮನೆಗೆ ಬಂದ. ಆದರೆ ಸ್ಯಾನಟೋರಿಯಂನಲ್ಲಿ ಒಂದು ವೇಳಾಪಟ್ಟಿ ಇರ್ತಿತ್ತು, ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ನಿದ್ದೆ. ಮನೆಯಲ್ಲಿ ಗಂಟೆ ಹೊಡೆಯೋರು ಯಾರು? ನಮ್ಮ ಮನೆಯಲ್ಲಿ ಪೇಪರ್ ಹಾಕೋ ಹುಡುಗ ಹೊಡೆದ. ಇವತ್ತು ಪದಬಂಧ, ನಾಳೆ ಅದರ ಉತ್ತರ. ಹತ್ತನೇ ನಂಬರಿನ ಅಡ್ಡ ಸಾಲು ಸಿಗದೆ ಮಲಗಿದರೆ, ಬೆಳಿಗ್ಗೆ ಏಳೋದಕ್ಕೆ ಗುಳಿಗೆ ಬಿಟ್ಟು ಇನ್ನೊಂದು ಕಾರಣ ಇರ್ತಿತ್ತು.

ಪದಬಂಧ ಹುಟ್ಟಿದ್ದು ಅಮೆರಿಕದಲ್ಲಿ. 1913ರ ಡಿಸೆಂಬರ್ 21ರ ಭಾನುವಾರ, ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಅನ್ನುವಾತ ಒಂದು ಬಂಧ ಕೊಟ್ಟ, ವಜ್ರದ ಆಕಾರದ್ದು. ಹೆಸರು ‘ವರ್ಡ್ ಕ್ರಾಸ್’. ಕೆಲವು ವಾರದ ಮೇಲೆ ಅಚ್ಚಿನ ಮನೆಯಲ್ಲಿ ಪದ ಹಿಂದುಮುಂದಾಗಿ ‘ಕ್ರಾಸ್ ವರ್ಡ್’ ಆಯಿತು, ಹಾಗೇ ಉಳಿಯಿತು. 1924ರಲ್ಲಿ ಸೈಮನ್ ಆ್ಯಂಡ್ ಶುಸ್ಟರ್ ಪ್ರಕಾಶನ ತನ್ನ ಮೊಟ್ಟಮೊದಲ ಪುಸ್ತಕವಾಗಿ ಪದಬಂಧದ್ದೇ ತಂದಿತು, ಜೊತೆಗೆ ಒಂದು ಪೆನ್ಸಿಲ್. ಹುಚ್ಚೆದ್ದು ಮಾರಾಟ ಆಯಿತು. ‘ನ್ಯೂಯಾರ್ಕ್ ಟೈಮ್ಸ್’ ಮಾತ್ರ ಇದು ಬರೀ ಕಾಲಹರಣ ಅಂತ ಮೂಗು ಮುರಿಯಿತು. ಅದೇ ಟೈಮ್ಸ್ 1942ರ ಫೆಬ್ರವರಿ 15ರಂದು ಪದಬಂಧ ಶುರು ಮಾಡಿತು. ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದು ಎರಡು ತಿಂಗಳಾಗಿತ್ತು. ಕತ್ತಲ ದಿನಗಳಲ್ಲಿ, ಮನೆಯೊಳಗೆ ಕೂತ ಜನಕ್ಕೆ ಚಿಂತೆ ಮರೆಸೋದು ಏನಾದರೂ ಬೇಕು ಅಂತ ಒಳಗಿನವರೇ ವಾದಿಸಿದ್ದರು. ಸಂಪಾದಕಿಯಾಗಿ ಬಂದದ್ದು ಮಾರ್ಗರೆಟ್ ಫರಾರ್, 1924ರ ಆ ಪೆನ್ಸಿಲ್ ಪುಸ್ತಕ ಮಾಡಿದವರಲ್ಲಿ ಒಬ್ಬರು. ‘ಕಾಲಹರಣ’ ಅನ್ನೋ ಬೈಗುಳವೇ ಕಷ್ಟಕಾಲದಲ್ಲಿ ಅರ್ಹತೆ ಆಯಿತು.

ಇಲ್ಲಿಯವರೆಗಿನ ಕಥೆ ಗೂಗಲ್ ಮಾಡಿದರೆ ಸಿಗ್ತದೆ. ನನಗೆ ಮಜಾ ಅನ್ನಿಸಿದ್ದು ಇದು ಕನ್ನಡಕ್ಕೆ ಬಂದಾಗ ಏನಾಯಿತು ಅನ್ನೋದು.

ಇಂಗ್ಲಿಷಿನಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ, ಒಟ್ಟು 26 ಸಾಧ್ಯತೆ. ಕನ್ನಡದಲ್ಲಿ ಚೌಕದೊಳಗೆ ಕೂರೋದು ಕಾಗುಣಿತ ಸಮೇತ ಇಡೀ ಅಕ್ಷರ. ಬಿ.ಕಾಂ. ಓದಿದವರು ಲೆಕ್ಕ ಹಾಕದೆ ಬಿಡ್ತೀವಾ? 34 ವ್ಯಂಜನ, 13 ಸ್ವರ, ಗುಣಿಸಿದರೆ 442. ಬಿಡಿ ಸ್ವರ ಸೇರಿಸಿದರೆ 455. ಇನ್ನೂ ಒತ್ತಕ್ಷರ, ಸೊನ್ನೆ ಲೆಕ್ಕಕ್ಕೇ ಬಂದಿಲ್ಲ. ‘ಕರದಂಟು’ ತಗೊಳ್ರಿ: ಕ, ರ, ದಂ, ಟು, ನಾಲ್ಕು ಮನೆ. ಸೊನ್ನೆಗೆ ಬೇರೆ ಮನೆ ಇಲ್ಲ, ‘ದ’ ಜೊತೆಗೇ ಇರಬೇಕು. (ತೂಕ ಏರಲಿ ಅಂತ ಗೋಕಾಕದಿಂದ ಡಬ್ಬಿಗಟ್ಟಲೆ ಕರದಂಟು ಬಂದಿತ್ತು. ಅಮೀನಗಡದವರು ಜಗಳಕ್ಕೆ ಬರಬ್ಯಾಡ್ರಿ.) ಈಗ ಆ ‘ದಂ’ ಮೇಲಿನಿಂದ ಕೆಳಗೆ ಬರೋ ಇನ್ನೊಂದು ಪದದಲ್ಲೂ ‘ದಂ’ ಆಗಿಯೇ ಇರಬೇಕು. ‘ದ’ ನಡೆಯಲ್ಲ, ‘ದಾಂ’ ನಡೆಯಲ್ಲ. ಹಾಗಾಗಿ ಬಂಧ ರಚಿಸೋರಿಗೆ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ತಲೆನೋವು. ನಮ್ಮ ಬಂಧಗಳಲ್ಲಿ ಕಪ್ಪು ಚೌಕ ಜಾಸ್ತಿ ಯಾಕೆ, ಪದಗಳು ಒಂದನ್ನೊಂದು ಮುಟ್ಟೋದು ಕಡಿಮೆ ಯಾಕೆ ಅಂದರೆ ಇದಕ್ಕೇ. ಬಿಡಿಸೋರಿಗೆ ಮಾತ್ರ ಲಾಭ. ಇಂಗ್ಲಿಷಿನಲ್ಲಿ ಒಂದು ‘ಇ’ ಸಿಕ್ಕರೆ ಏನೂ ಸಿಕ್ಕ ಹಾಗಲ್ಲ. ಕನ್ನಡದಲ್ಲಿ ನಡುವೆ ಒಂದು ‘ಳ್ಳಿ’ ಸಿಕ್ಕರೆ ಅರ್ಧ ಪದ ಕೈಗೆ ಬಂದಂಗೆ.

ಚೌಕದಲ್ಲಿ ಅಕ್ಷರ ಕೂರಿಸೋ ಆಟ ನಮಗೆ ಹೊಸದೂ ಅಲ್ಲ. ಪಕ್ಕದ ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಮೇಗುತಿ ಗುಡಿಯ ಶಾಸನ ಇದೆ, ಇಮ್ಮಡಿ ಪುಲಕೇಶಿಯ ಕಾಲದ್ದು, ಕ್ರಿ.ಶ. 634. ಅದನ್ನು ಬರೆದ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಗೆ ಹೋಲಿಸಿಕೊಂಡಿದ್ದಾನೆ. (ಬಯೋದಲ್ಲಿ ತನ್ನನ್ನೇ ಹೊಗಳಿಕೊಳ್ಳೋದು ಇನ್‌ಸ್ಟಾಗ್ರಾಂ ಕಾಲದ್ದಲ್ಲ.) ಆ ಭಾರವಿಯ ಸಂಸ್ಕೃತ ಕಾವ್ಯ ‘ಕಿರಾತಾರ್ಜುನೀಯ’ದ 15ನೇ ಸರ್ಗದಲ್ಲಿ ‘ಸರ್ವತೋಭದ್ರ’ ಅನ್ನುವ ಪದ್ಯ ಇದೆ. ಎಂಟು ಸಾಲು, ಎಂಟು ಕಂಬ, 64 ಮನೆಗಳಲ್ಲಿ ಒಂದೊಂದು ಅಕ್ಷರ ಬರೆದರೆ ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಹೇಗೆ ಓದಿದರೂ ಅದೇ ಪದ್ಯ. ಇಂಥ ಕಸರತ್ತಿಗೆ ಚಿತ್ರಕಾವ್ಯ ಅಂತಾರೆ. ಚಕ್ರಬಂಧ, ಪದ್ಮಬಂಧ, ನಾಗಬಂಧ ಅಂತ ಬಗೆಗಳಿವೆ. ‘ಪದಬಂಧ’ ಅನ್ನೋ ಹೆಸರು ಕೇಳಿದರೆ ಅದೇ ಮನೆತನದ್ದು ಅನ್ನಿಸ್ತದೆ.

ಆಧುನಿಕ ಕನ್ನಡ ಪದಬಂಧ ಅಂದರೆ ಮೊದಲು ಬರೋ ಹೆಸರು ಅ. ನಾ. ಪ್ರಹ್ಲಾದರಾವ್. ಕೋಲಾರ ಜಿಲ್ಲೆಯವರು, ವಾರ್ತಾ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು, ಡಾ. ರಾಜ್‌ಕುಮಾರ್ ಬಗ್ಗೆ ಪುಸ್ತಕ ಬರೆದವರು. 1984ರಿಂದ ಬಂಧ ರಚಿಸುತ್ತ 30,000 ದಾಟಿಸಿ ಲಿಮ್ಕಾ ದಾಖಲೆ ಪುಸ್ತಕ ಸೇರಿದವರು. 30,000 ಅಂದರೆ ದಿನಕ್ಕೊಂದರಂತೆ ಬಿಡಿಸಿದರೂ 82 ವರ್ಷ ಬೇಕು. ಒಬ್ಬ ಮನುಷ್ಯ ಇಷ್ಟು ಮಂದಿಯ ಮಧ್ಯಾಹ್ನಗಳನ್ನು ತುಂಬಿಸಿದ್ದಾರೆ, ರಸ್ತೆಯಲ್ಲಿ ಎದುರಾದರೆ ನಮಗೆ ಗುರುತು ಸಿಗಲ್ಲ.

ಆದರೆ ನಮ್ಮ ಬೆಳಗಾವಿ ಕಡೆಯವರಿಗೆ ಪದಬಂಧದಲ್ಲಿ ಒಂದು ವಿಶೇಷ ಕಾಟ ಇದೆ. ಉದಾಹರಣೆಗೆ ನಾನೇ ಒಂದು ಸುಳಿವು ಮಾಡ್ತೀನಿ: ‘ಹೆಚ್ಚಿದವರನ್ನೇ ಅಳಿಸುತ್ತದೆ, ಮೂರಕ್ಷರ’. ನನ್ನ ತಲೆಗೆ ಮೊದಲು ಬರೋದು ಉಳ್ಳಾಗಡ್ಡಿ. ಉ, ಳ್ಳಾ, ಗ, ಡ್ಡಿ, ನಾಲ್ಕಾಯಿತು, ಹಿಡಿಯಲ್ಲ. ‘ಈರುಳ್ಳಿ’ ಅಂತ ಬರೀಬೇಕು. ನಾವು ‘ಮನಿ’ ಅಂತೀವಿ, ಪೇಪರಿಗೆ ‘ಮನೆ’ ಬೇಕು. ಒಂದು ಚೌಕದ ‘ನಿ’, ‘ನೆ’ ವ್ಯತ್ಯಾಸಕ್ಕೆ ಕೆಳಗಿನ ಪದ ಪೂರ್ತಿ ಕೆಡ್ತದೆ. ‘ಶೇಂಗಾ’ ಎರಡೇ ಮನೆ, ಪೇಪರಿನ ‘ಕಡಲೆಕಾಯಿ’ ಐದು. ಹುಕ್ಕೇರಿಯಲ್ಲಿ ನಮ್ಮ ಮಾಮಾ ಇದ್ದಾರೆ. ಅವರ ಮನೆಗೆ ಕನ್ನಡ, ಮರಾಠಿ ಎರಡೂ ಪೇಪರ್ ಬರ್ತಾವ. ಮರಾಠಿಯ ‘ಶಬ್ದಕೋಡೆ’ಯನ್ನೂ ಬಿಡಿಸ್ತಾರೆ, ಅಲ್ಲೂ ಚೌಕದಲ್ಲಿ ಇಡೀ ಅಕ್ಷರವೇ. ಫೋನ್ ಮಾಡಿ ಈರುಳ್ಳಿ ಕಥೆ ಹೇಳಿದೆ. ‘ಕಾಂದಾ ಅಂತ ಬರದಿದ್ರ ಎರಡ ಮನಿಯಾಗ ಮುಗೀತಿತ್ತು ನೋಡು’ ಅಂದರು. ಗಡಿ ಜಿಲ್ಲೆಯ ರಾಜಕೀಯದ ಬಗ್ಗೆ ನಾನು ಎರಡು ಕಂತು ಮಾಡಿದ್ದೀನಿ. ಇಷ್ಟು ಸ್ಪಷ್ಟವಾಗಿ ಒಂದನ್ನೂ ಹೇಳಕ್ಕಾಗಿರಲಿಲ್ಲ.

ಈಗ, ಯಾಕೆ ಹೇಳ್ತಿದ್ದೀನಿ ಅಂದೆನಲ್ಲ, ಅದು.

ನಮ್ಮ ಅವ್ವ ನನ್ನ ರೋಗದ ಹೆಸರು ಹೇಳ್ತಿರಲಿಲ್ಲ. ಓಣಿಯವರು ಕೇಳಿದರೆ ‘ನಿಮೋನಿಯಾ’. ಸಂಬಂಧಿಕರಿಗೆ ‘ಮೈಯಾಗ ಆರಾಮಿಲ್ಲ’. ಮನೆಯೊಳಗೆ ಬರೀ ‘ಆ ಜಡ್ಡು’. ಗುಳಿಗೆ ಶುರುವಾಗಿ ಕೆಲವು ವಾರದಲ್ಲಿ ಹರಡೋ ಅಪಾಯ ಬಹಳ ಕಡಿಮೆ ಆಗ್ತದೆ ಅಂತ ಡಾಕ್ಟರ್ ಹೇಳಿದ ಮೇಲೂ ಹಾಗೇ. ನಾನು ಸಿಟ್ಟು ಮಾಡಿಕೊಳ್ಳಲಿಲ್ಲ. ಮದುವೆ ವಯಸ್ಸಿನ ಮಕ್ಕಳಿರೋ ಮನೆಯಲ್ಲಿ ಈ ಹೆಸರಿಗೆ ಎಷ್ಟು ಬೆಲೆ ತೆರಬೇಕು ಅಂತ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ದಿನಾ ಊಟ ಆದ ಮೇಲೆ ಅವಳು ನನ್ನ ಪಕ್ಕ ಕೂತು ಪದಬಂಧಕ್ಕೆ ಸಹಾಯ ಮಾಡ್ತಿದ್ದಳು. ಏಳನೇ ಇಯತ್ತೆ ಓದಿದವಳು. ಗಾದೆ, ಹಬ್ಬ, ಪುರಾಣದ ಹೆಸರು ಬಂದರೆ ನನ್ನನ್ನು ಮಾತಾಡಲೂ ಬಿಡ್ತಿರಲಿಲ್ಲ. ಒಂದು ದಿನ ಸುಳಿವು ಓದಿದೆ: ಅಕ್ಷಯದ ವಿರುದ್ಧ, ಎರಡಕ್ಷರ. ಓದಿದ ಕೂಡಲೇ ನನಗೆ ಗೊತ್ತಾಯಿತು, ಸುಮ್ಮನಾದೆ. ಅವ್ವನೂ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಕ್ಷಯ. ಬರಿ’ ಅಂದಳು. ಬರೆದೆ. ಮುಂದಿನ ಸುಳಿವು ಯಾವುದೋ ನದಿಯ ಹೆಸರು ಕೇಳಿತ್ತು.

ಇಂಗ್ಲೆಂಡಿನಲ್ಲಿ ಜಾನ್ ಗ್ರಹಾಂ ಅಂತ ಒಬ್ಬ ಪಾದ್ರಿ ಇದ್ದರು. ‘ಗಾರ್ಡಿಯನ್’ ಪತ್ರಿಕೆಗೆ 1958ರಿಂದ ಬಂಧ ರಚಿಸುತ್ತಿದ್ದವರು, ‘ಅರೌಕೇರಿಯ’ ಅನ್ನೋ ಹೆಸರಿನಿಂದ ಗುರುತಾದವರು. 2013ರ ಜನವರಿಯಲ್ಲಿ ಅವರ ಒಂದು ಬಂಧದ ಮೇಲೆ ಸಣ್ಣ ಟಿಪ್ಪಣಿ ಇತ್ತು: ರಚನಕಾರರಿಗೆ ಇಂಥ ನಂಬರಿನದು ಆಗಿದೆ, ಇಂಥ ನಂಬರಿನ ಜಾಗದಲ್ಲಿ, ಅದಕ್ಕೆ ಇಂಥ ನಂಬರಿನ ಚಿಕಿತ್ಸೆ ನಡೆದಿದೆ. ಬಿಡಿಸಿದವರಿಗೆ ಸಿಕ್ಕಿದ್ದು ಕ್ಯಾನ್ಸರ್, ಅನ್ನನಾಳ, ಉಪಶಾಮಕ ಆರೈಕೆ. ಆಗ ಅವರಿಗೆ 91. ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು. ಅಷ್ಟು ವರ್ಷ ತನ್ನ ಜೊತೆ ಪೆನ್ಸಿಲ್ ಹಿಡಿದು ಕೂತವರಿಗೆ ಬೇರೆ ಯಾವ ರೀತಿ ಹೇಳಿದ್ದರೂ ಅಷ್ಟು ಸರಿ ಇರ್ತಿರಲಿಲ್ಲ ಅಂತ ನನಗೆ ಅನ್ನಿಸ್ತದೆ. ಓದುಗರು ಒಂದೊಂದೇ ಅಕ್ಷರ ತುಂಬುತ್ತ, ತಾವೇ ಆ ಸುದ್ದಿ ಬರೆದರು.

ಈಗ ಮೊಬೈಲಿನಲ್ಲೂ ಪದಬಂಧ ಆ್ಯಪ್ ಬಂದಿವೆ. ಗೊತ್ತಾಗದಿದ್ದರೆ ಒಂದು ಗುಂಡಿ ಒತ್ತಿ, ಉತ್ತರ ಬಂದುಬಿಡ್ತದೆ. ನಾನು ಎರಡು ದಿನ ಆಡಿ ತೆಗೆದು ಹಾಕಿದೆ. ಹಾಸಿಗೆಯಲ್ಲಿದ್ದವರಿಗೆ ಉತ್ತರ ಈಗಲೇ ಸಿಕ್ಕು ಮಾಡೋದೇನು? ಸಂಜೆವರೆಗೆ ಮತ್ತೆ ಖಾಲಿ ಕೂರಬೇಕು.

ನನ್ನ ಗುಳಿಗೆ ಮುಗಿದು ಐದು ತಿಂಗಳಾಯಿತು. ಕಫದ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂತು. ಪದಬಂಧ ಈಗ ಅವ್ವನ ಕೈಗೆ ಹೋಗಿದೆ, ಪೆನ್ನು ಹಿಡಿದು ಬಿಡಿಸ್ತಾಳೆ, ಪೆನ್ಸಿಲ್ ಬೇಡವಂತೆ. ನಿಮ್ಮ ಮನೆಯಲ್ಲಿ ಯಾರಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮುತ್ತಿದ್ದರೆ ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋಗ್ರಿ. ಪರೀಕ್ಷೆಗೂ ಗುಳಿಗೆಗೂ ಅಲ್ಲಿ ರೊಕ್ಕ ಇಲ್ಲ.

ಹೋಗೋ ಮುಂಚೆ ಅವ್ವ ಮಾಡಿದ ಒಂದು ಸುಳಿವು. ‘ಪೂರ್ವ ದಿಕ್ಕನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ ಊರು, ನಾಲ್ಕಕ್ಷರ.’ ಉತ್ತರ ಮುಂದಿನ ಕಂತಿನಲ್ಲಿ.